ಮೀಯಲು ಬಂದ ಕೋವಿ

ಹಳೆಯ ಸೈಕಲ್ಲೊಂದರ ಬೆಲೆಗೆ ಸಿಕ್ಕಿತು ಹರಾಜಿನಲ್ಲಿ.
ಸೈನ್ಯಕ್ಕೆ ಬೇಡವಾದವು, ಪೆಟ್ಟಿಗೆಗೆ ಇಪ್ಪತ್ತರಂತೆ,
ಕಂದು ಮೇಣಗಾಗದ ಹೊದ್ದು ಮಲಗಿದ್ದವು.
ನಾನು ಆರಿಸಲಿಲ್ಲ. ಕೈಗೆ ಬಂದದ್ದನ್ನು ಎತ್ತಿಕೊಂಡೆ.
ಲೈಸೆನ್ಸಿನಲ್ಲಿ ಪೊಲೀಸ್ ಬರೆದುಕೊಂಡ ಕಾರಣ: ಮೂಸ್ ಬೇಟೆ.
ಸೈಮಾ ಸರೋವರದ ದಡದಲ್ಲಿ ದೋಣಿ ಕಟ್ಟುವವನು ನಾನು,
ಮರ ನೋಡುವ ಆಸೆ ಅಂತ ಹೇಳಲು ನಾಚಿಕೆಯಾಯಿತು.

ಕಾಗದ ಬಿಚ್ಚಿದರೆ ಕೋವಿಯೇ ಇಲ್ಲ, ಬರೀ ಗ್ರೀಸು.
ನಳಿಗೆಯಲ್ಲಿ ಗ್ರೀಸು, ಕುದುರೆಯ ಸಂದಿಯಲ್ಲಿ ಗ್ರೀಸು,
ತಿರುಪಿನ ತಲೆಯ ಗೀರಿನಲ್ಲೂ
ಕಿವಿಯ ಗುಗ್ಗೆಯ ಹಾಗೆ ಗಟ್ಟಿಕಟ್ಟಿದ ಗ್ರೀಸು.
ಸೀಮೆಎಣ್ಣೆಗೆ ಬಗ್ಗಲಿಲ್ಲ. ಬಿಸಿನೀರಿಗೆ ನಕ್ಕಿತು.
ನೆರೆಮನೆಯ ಟಾವೆಟ್ಟಿ ಬೇಲಿಯಾಚೆಯಿಂದ ಕೂಗಿದ:
‘ಸೌನಾಕ್ಕೆ ಹಾಕು. ಮೈಯೊಳಗಿನದೆಲ್ಲ ಹೊರಗೆ ಬರೋದು ಅಲ್ಲೇ.’

ಹಿಂದೆ ಅಲ್ಲಿಯೇ ಹೆರುತ್ತಿದ್ದರು ನಮ್ಮಲ್ಲಿ,
ಸತ್ತವರನ್ನೂ ಅಲ್ಲಿಯೇ ಮೀಯಿಸುತ್ತಿದ್ದರು.
ಅಜ್ಜ ಕೊನೆಯ ಸಲ ಅಂಗಾತ ಮಲಗಿದ್ದ
ಅದೇ ಹಲಗೆಯ ಮೇಲೆ ನಿನ್ನೆಯ ಪೇಪರು ಹಾಸಿ
ಮರವನ್ನೊಂದು ಕಡೆ, ಕಬ್ಬಿಣವನ್ನೊಂದು ಕಡೆ ಇಟ್ಟು
ಸೌದೆ ಒಟ್ಟಿದೆ.
ಎಣ್ಣೆ ಹಚ್ಚಲಿಕ್ಕಲ್ಲ, ಬಿಡಿಸಲಿಕ್ಕೆ
ಒಂದು ಅಭ್ಯಂಜನ.

ಎಂಬತ್ತು ಡಿಗ್ರಿಗೆ ಮೊದಲ ಹನಿ.
ಆಮೇಲೆ ಮರ ಬೆವರತೊಡಗಿತು,
ಬಾಚಿದಷ್ಟೂ, ಒರೆಸಿದಷ್ಟೂ, ಕಾಕಂಬಿಯಂಥದು.
ಚಿಂದಿ ಮುಗಿಯಿತು, ಬನಿಯನ್ನು ಮುಗಿಯಿತು.
ಅಡಿಯಿಂದ ಮೆಲ್ಲಗೆ ಬರ್ಚ್ ಮರದ ಹಳದಿ,
ನಡುವೆ ಒಂದು ಜೋಡಣೆ: ಎರಡು ತುಂಡುಗಳು
ಬೆರಳಿಗೆ ಬೆರಳು ಹೆಣೆದು ಹಿಡಿದುಕೊಂಡಂತೆ,
ಕೂದಲೆಳೆ ತೂರದ ಹಾಗೆ.
ಯುದ್ಧದ ಆತುರದಲ್ಲಿ ಯಾವನೋ ಮಾಡಿದ್ದು.
ನನಗೆ ಹೊಟ್ಟೆಕಿಚ್ಚಾಯಿತು.

ಅವತ್ತು ಶನಿವಾರವೆಂಬುದೇ ಮರೆತಿತ್ತು.
ಟವೆಲ್ಲು ಸುತ್ತಿಕೊಂಡು ಬಾಗಿಲು ನೂಕಿದಳು ಲೆಂಪಿ ಅಜ್ಜಿ.
ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ.
ಅವಳು ಹೊಸ್ತಿಲಲ್ಲೇ ಮೂಗರಳಿಸಿ ನಿಂತಳು.
‘ಇದು ನಮ್ಮ ಗ್ರೀಸು’ ಅಂದಳು.

ಯುದ್ಧ ಮುಗಿದ ಚಳಿಗಾಲ. ಅವಳಿಗೆ ಹದಿನಾರು.
ರೈಲುಹಳಿಯ ಪಕ್ಕದ ಉಗ್ರಾಣದಲ್ಲಿ
ಹನ್ನೆರಡು ಹುಡುಗಿಯರು, ಕುದಿಯುವ ಒಂದು ಹಂಡೆ,
ಕೈಗೊಂದು ಬ್ರಷ್ಷು, ಡಜನಿಗಿಷ್ಟು ಅಂತ ಕೂಲಿ.
ನನಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.
‘ಐವತ್ತು ವರ್ಷ ತುಕ್ಕು ಹಿಡೀಬಾರದು ಅಂದಿದ್ದ ಮೇಸ್ತ್ರಿ.
ಎಷ್ಟಾಯ್ತು ಈಗ?’
ಬೆರಳು ಮಡಚಿ ಎಣಿಸಿದೆ. ಐವತ್ತೆರಡು.
‘ಹಾಗಾದ್ರೆ ಕೂಲಿಗೆ ಮೋಸ ಮಾಡಿಲ್ಲ ನಾನು.’

ಮತ್ತೆ ಯಾರಾದರೂ ಬಿಚ್ಚುತ್ತಾರೆ ಅನ್ನಿಸಿತ್ತಾ?
ಹಚ್ಚುವಾಗ ಏನು ಯೋಚಿಸುತ್ತಿದ್ದೆ?
‘ಬೂಟು’ ಅಂದಳು. ‘ಅಣ್ಣನ ಬೂಟಲ್ಲಿ ಓಡಾಡ್ತಿದ್ದೆ,
ಎರಡು ಸೈಜು ದೊಡ್ಡದು. ಅವನಿಗೆ ಬೇಕಿರಲಿಲ್ಲವಲ್ಲ.
ನನ್ನ ಅಳತೆಯದು ಒಂದು ಜೊತೆ. ಅಷ್ಟೇ.’

ಅಂದವಳೇ ಕಾದ ಕಲ್ಲಿಗೆ ನೀರೆರಚಿದಳು.
ಭುಸ್ಸೆಂದು ಆವಿ.
‘ತುಕ್ಕು, ಅಜ್ಜೀ!’ ಎಂದು ಕಿರುಚಿ
ನಳಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹಸುಗೂಸಿನಂತೆ ಹೊತ್ತು
ಬರಿಗಾಲಲ್ಲಿ ಹಿಮಕ್ಕೆ ಓಡಿದೆ. ಹಿಂದೆ ಅವಳ ನಗು.
ಅಲ್ಲಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ
ಸುರುಳಿ ಸುರುಳಿ ಹೊಳಪು, ಒಂದು ಗೀರಿಲ್ಲ,
ಆಚೆ ತುದಿಯಲ್ಲಿ ಹೆಪ್ಪುಗಟ್ಟಿದ ಸರೋವರ,
ಕಡಲೆಕಾಳಿನಷ್ಟು.

ಮರ ಒಳಗೇ ಉಳಿದಿತ್ತು. ಹಣಕಿದೆ.
ಬರ್ಚ್ ಸೊಪ್ಪಿನ ಕಟ್ಟಿನಿಂದ ಬೆನ್ನು ಬಡಿದುಕೊಳ್ಳುತ್ತ
ಇನ್ನೊಂದು ಕೈಯ ಹೆಬ್ಬೆರಳಿಂದ ಅವಳು
ಆ ಜೋಡಣೆಯಲ್ಲಿ ಜಿನುಗುತ್ತಿದ್ದುದನ್ನು ಒರೆಸುತ್ತಿದ್ದಳು,
ನೋಡದೆ, ಮಗುವಿನ ಮೂಗು ಒರೆಸಿದ ಹಾಗೆ.

ಆ ವರ್ಷ ಮೂಸ್ ಹೊಡೆಯಲಿಲ್ಲ.
ಗುರಿಕಣ್ಣು ಎಡಕ್ಕೆ ವಾಲಿದೆ, ಇನ್ನೂ ಸರಿಮಾಡಿಲ್ಲ.
ಸೌನಾ ಮಾತ್ರ ಬೇಸಿಗೆಯ ತನಕ ನಾರಿತು.
ನೆಂಟರು ಮೂಗು ಮುಚ್ಚಿಕೊಂಡರೆ
ಮೇಲಿನ ಹಲಗೆಯಿಂದ ಅವಳೇ ಹೇಳುತ್ತಿದ್ದಳು:
‘ನಾವು ಹಚ್ಚಿದ್ದು. ಬೇಗ ಹೋಗೋದಿಲ್ಲ.’